ಬೆಂಕಿಯಿಲ್ಲದ ಶೆಡ್ಡು

ಪೀಣ್ಯ ಎರಡನೇ ಹಂತ. ಶೆಡ್ಡಿನೊಳಗೆ ಹನ್ನೊಂದು ಜನ
ಕಣ್ಣಿಗೆ ಕರೀ ಡಬ್ಬಿ ಕಟ್ಟಿಕೊಂಡು
ಗಾಳಿಗೆ ಗಾಳಿಯನ್ನು ಬೆಸೆಯುತ್ತಿದ್ದಾರೆ.

ಹೊಗೆಯಿಲ್ಲ. ಸುಟ್ಟ ತೋಳಿಲ್ಲ.
ಕೈಯಲ್ಲೊಂದು ಪ್ಲಾಸ್ಟಿಕ್ ಹಿಡಿ,
ಅದರ ತುದಿಗೆ ರಾಡು ಇದೆಯಂತೆ,
ಅವರಿಗೆ ಕಾಣುತ್ತದಂತೆ.
ನನಗೆ ಕಾಣುವುದು ಇಷ್ಟೇ:
ಬಿದ್ದ ಕಿವಿಯೋಲೆ ಹುಡುಕುವವರ ಹಾಗೆ
ಬಗ್ಗಿ ನಿಂತ ಹನ್ನೊಂದು ಬೆನ್ನು.

ನಾನು ಪಿಳ್ಳಪ್ಪ. ಇಪ್ಪತ್ತೊಂಬತ್ತು ವರ್ಷ ವೆಲ್ಡಿಂಗು.
ನನ್ನ ಕಾಲಕ್ಕೆ ಕಲಿಯುವುದೆಂದರೆ
ಮೊದಲ ವಾರವೇ ಕಣ್ಣಿಗೆ ಆರ್ಕ್ ಹೊಡೆದು
ರಾತ್ರಿಯಿಡೀ ರೆಪ್ಪೆಯೊಳಗೆ ಮರಳು ಮರಳು.
ಅಮ್ಮ ಆಲೂಗೆಡ್ಡೆ ಬಿಲ್ಲೆ ಕೊಯ್ದು ಕಣ್ಣ ಮೇಲಿಟ್ಟು
"ಬೇರೆ ಕೆಲಸವೇ ಸಿಗಲಿಲ್ಲವೇನೋ" ಎಂದು ಗೊಣಗುವುದು.
ಒಂದು ರಾಡು ಹಾಳಾದರೆ ಒಂದು ಬೈಗುಳ.
ಓನರು ಎರಡಕ್ಕೂ ಲೆಕ್ಕ ಇಟ್ಟಿದ್ದರು.

ಡಬ್ಬಿಯೊಳಗೆ ಎಷ್ಟು ರಾಡು ಸುಟ್ಟರೂ ಬಿಟ್ಟಿ.
ನಗ್ಮಾ ಒಂದೇ ಮಧ್ಯಾಹ್ನದಲ್ಲಿ
ಇನ್ನೂರು ಸಲ ತಪ್ಪು ಮಾಡಿದಳು.
ಇನ್ನೂರು! ನನಗೆ ಯಾರು ಕೊಟ್ಟಿದ್ದರು ಅಷ್ಟು ತಪ್ಪು?
ಸಂಜೆ ಪರದೆಯ ಮೇಲೆ ಅವಳ ಅಂಕ: ತೊಂಬತ್ತನಾಲ್ಕು.

"ನೀವೂ ಹಾಕ್ಕೊಳಿ ಸಾರ್" ಎಂದರು.
ಹಾಕಿಕೊಂಡೆ.
ಅಲ್ಲೊಂದು ಹಡಗು. ಹೌದು, ಹಡಗು.
ಸಮುದ್ರವಿಲ್ಲದ ಬೆಂಗಳೂರಿನಲ್ಲಿ
ಹಡಗಿನ ಹೊಟ್ಟೆಯೊಳಗೆ ನಾನೊಬ್ಬನೇ ಕೂತಿದ್ದೆ.
ಕಬ್ಬಿಣ ಬೆವರುತ್ತಿತ್ತು. ಮುಟ್ಟಲು ಹೋದರೆ
ಕೈ ಗೋಡೆಯನ್ನು ದಾಟಿ
ನಮ್ಮ ಟೂಲ್ ಬೀರುವಿಗೆ ಬಡಿಯಿತು.
ನನ್ನ ಅಂಕ: ಅರವತ್ತೊಂದು.
ಯಂತ್ರ ಕಾರಣವನ್ನೂ ಬರೆದಿತ್ತು:
ಬೆಸುಗೆಯ ಕೊನೆಯಲ್ಲಿ ಮಣಿಕಟ್ಟು ನಡುಗುತ್ತದೆ.

ನಡುಕವಲ್ಲವೇ ಅದು, ಪೆದ್ದು ಡಬ್ಬಿ.
ಕೊನೆಗೆ ಗುಳಿ ಬೀಳದ ಹಾಗೆ, ಬಿರುಕು ಬಿಡದ ಹಾಗೆ
ರಾಡನ್ನು ಒಂದೆಳೆ ಹಿಂದಕ್ಕೆ ತಂದು,
ದೋಸೆ ಹುಯ್ಯುವವನು ಸೌಟು ಎತ್ತುವ ಮುಂಚೆ
ಕೊಡುವ ತಿರುವಿನ ಹಾಗೆ,
ಚಿಟುಕು. ಅಷ್ಟೇ.
ಅಂತೋಣಿ ಮೇಸ್ತ್ರಿ ಹೇಳಿಕೊಟ್ಟದ್ದೂ ಅಲ್ಲ,
ನಾನೇ ಪಕ್ಕ ನಿಂತು ಕದ್ದದ್ದು.

ಮೂರು ಗಂಟೆಗೆ ಕರೆಂಟು ಹೋಯಿತು.
ಹನ್ನೊಂದು ಹಡಗು ಒಟ್ಟಿಗೆ ಮುಳುಗಿದವು.

ಮರುತಿಂಗಳು ನಿಜವಾದ ಬೆಂಕಿ.
ನಗ್ಮಾ ರಾಡು ತಾಗಿಸಿದಳು, ಕಿಡಿ ಹಾರಿತು,
ತೊಂಬತ್ತನಾಲ್ಕು ಅಂಕ ಎರಡು ಹೆಜ್ಜೆ ಹಿಂದೆ ಸರಿಯಿತು.
"ವಾಸನೆ ಇರುತ್ತೆ ಅಂತ ಯಾರೂ ಹೇಳಲಿಲ್ಲ ಸಾರ್."
ನಾನು ನಗಲಿಲ್ಲ. ಗೆದ್ದೆ ಅನ್ನಿಸಲೂ ಇಲ್ಲ.
ನಾಲ್ಕನೇ ರಾಡಿಗೆ ಅವಳ ಗೆರೆ
ನನ್ನ ನಾಲ್ಕನೇ ವರ್ಷದ ಗೆರೆಯಷ್ಟು ನೇರ.

ಆಮೇಲೆ ಕಂಪನಿಯವರು ಬಂದು
ತಂತಿ ಹೊಲಿದ ಕೈಗವಸು ತೊಡಿಸಿ
"ನಿಮ್ಮ ಕೈ ಬೇಕಿತ್ತು" ಎಂದರು.
ಎರಡು ದಿನ. ದಿನಕ್ಕೆ ಸಾವಿರದ ಎಂಟುನೂರು, ಊಟ ಬೇರೆ.
ಕಾಗದ ಆರು ಪುಟ ಇತ್ತು.
ನಾನು ಓದಿದ್ದು ದುಡ್ಡಿನ ಸಾಲು ಮಾತ್ರ.

ಮೊನ್ನೆ ಸೋಮವಾರ ಟ್ರಯಲ್ಲಿಗೆ ಒಬ್ಬ ಹುಡುಗ ಬಂದ,
ಶರಣಬಸವ, ಶಹಾಬಾದಿನ ಕಡೆಯವನು.
ಹೆಲ್ಮೆಟ್ಟು ಇಳಿಸಿದ, ರಾಡು ಹಚ್ಚಿದ, ಎಳೆದ.
ಕೊನೆಯಲ್ಲಿ,
ಚಿಟುಕು.

"ಯಾರಪ್ಪ ನಿನ್ನ ಮೇಷ್ಟ್ರು?"
"ಯಾರೂ ಇಲ್ರೀ. ಡಬ್ಬಿ ಒಳಗ ಒಂದು ಕೈ ಇತ್ತು ನೋಡ್ರಿ.
ಮೈ ಇದ್ದಿಲ್ಲ."

ಗೇಟಿನಾಚೆ ಲಾರಿ ಹಿಂದಕ್ಕೆ ಬರುತ್ತಿತ್ತು,
ಕ್ಲೀನರು ರೈಟ್ ರೈಟ್ ಎಂದು ತಗಡು ಬಡಿಯುತ್ತಿದ್ದ.
ಅಂತೋಣಿ ಮೇಸ್ತ್ರಿ, ನಿಮಗೆ ಯಾರೂ
ಒಂದು ದಿನದ ಕೂಲಿಯನ್ನೂ ಕೊಡಲಿಲ್ಲವಲ್ಲ.

ಬಾ, ಟೀ ಕುಡಿಯೋಣ ಎಂದೆ.
ಅಂಗಡಿ ಮುಂದೆ ಲೋಟ ಹಿಡಿದು ನಿಂತ ಹುಡುಗ
ನನ್ನ ಮುಖ ಬಿಟ್ಟು
ಕೈಯನ್ನೇ ನೋಡುತ್ತಿದ್ದ,
ಎಲ್ಲೋ ಕಂಡವರನ್ನು ನೋಡುವ ಹಾಗೆ.